ಕಾವಲಿನ ಹೋರಿ ನೊಗಕ್ಕೆ ಬಂದ ಕಥೆ

ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಗೆ ಹೋರಿ ಕೊಳ್ಳಲು ಬಂದ ರೈತ ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಆಮೇಲೆ ಸುಳಿ, ಗೊರಸು, ಕೊಂಬಿನ ತಿರುವು. ಕೊನೆಗೆ ಒಂದಿಷ್ಟು ದೂರ ನಡೆಸಿ ನೋಡುತ್ತಾನೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ದಡದಲ್ಲಿ ಷಷ್ಠಿಗೆ ನೆರೆಯುವ ದನಗಳ ಜಾತ್ರೆಯಲ್ಲೂ ಪರೀಕ್ಷೆ ಇದೇ. ಹಾಸನ, ಹೊಳೆನರಸೀಪುರದ ಹೊಲಗಳಲ್ಲಿ ತಲೆಮಾರುಗಳಿಂದ ದುಡಿದ ಹಳ್ಳಿಕಾರ್ ಎತ್ತಿನಲ್ಲಿ ಈ ಕಣ್ಣುಗಳು ಹುಡುಕುವುದು ವೇಗವನ್ನು, ರೋಷವನ್ನು. ಆ ಗುಣಗಳನ್ನೇ ಗುರಿಯಾಗಿಟ್ಟುಕೊಂಡು ಮೈಸೂರು ಅರಸರು ಒಂದು ದೊಡ್ಡ ಹಿಂಡನ್ನು ಬೆಳೆಸಿದ್ದರು. ಅದೇ ಅಮೃತ್ ಮಹಲ್.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಹಸುಗಳಿಗೆಂದು ನಾಡಿನ ಬೇರೆ ಬೇರೆ ಕಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಅವೇ ಕಾವಲುಗಳು. ಹೈದರಾಲಿ ಈ ಹಿಂಡನ್ನು ಯುದ್ಧಕ್ಕೆ ತಿರುಗಿಸಿದ. ಚಿದಂಬರದ ನೆರವಿಗೆ ಹೊರಟ ಅವನ ಸೇನೆ ಎರಡೂವರೆ ದಿನದಲ್ಲಿ ನೂರು ಮೈಲಿ ಕ್ರಮಿಸಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ಮೈಸೂರು ಗೆಜೆಟಿಯರ್ ಹೇಳುತ್ತದೆ. ಸೋತ ದಿನಗಳಲ್ಲೂ ಶತ್ರುವಿನ ಕಣ್ಣೆದುರೇ ಫಿರಂಗಿಗಳನ್ನು ಎಳೆದುಕೊಂಡು ಪಾರಾಗಲು ಅವನಿಗೆ ಆಗುತ್ತಿತ್ತು. ಅಮೃತ್ ಮಹಲ್ ಎಂಬ ಹೆಸರು, ಇಲಾಖೆಗೊಂದು ಲಿಖಿತ ಹುಕುಂನಾಮೆ, ಎರಡನ್ನೂ ಕೊಟ್ಟವನು ಟಿಪ್ಪು.

ಹಾಸನ ಸೀಮೆಯೂ ಈ ಕಾವಲುಗಳ ಜಾಲದೊಳಗಿತ್ತು. ಹಿಂಡು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಮಳೆಗಾಲಕ್ಕೊಂದು ಕಾವಲು, ಚಳಿಗಾಲಕ್ಕೊಂದು, ಬೇಸಿಗೆಗೆ ಇನ್ನೊಂದು. ಬೇಸಿಗೆಯ ಕಾವಲು ಎಂದರೆ ಬಹುಪಾಲು ಕೆರೆಯಂಗಳ: ತೇವ ಆರದ ನೆಲ, ಹಸಿರು ಹುಲ್ಲು, ನೆರಳಿಗೆ ಮರ. ಕೊಟ್ಟಿಗೆ ಕಾಣದೆ ಬೆಳೆದ ಈ ದನಗಳು ಕಾಯುವವರನ್ನು ಬಿಟ್ಟರೆ ಬೇರೆಯವರನ್ನು ಹತ್ತಿರ ಸೇರಿಸುತ್ತಿರಲಿಲ್ಲ. ರಾಜಮುದ್ರೆಯ ರಕ್ಷಣೆಯಲ್ಲಿದ್ದರೂ ಸ್ವಭಾವದಲ್ಲಿ ಅರ್ಧ ಕಾಡಿನವು.

ಅಂಥ ಹೋರಿಯನ್ನು ಪಳಗಿಸುವುದು ಹುಡುಗಾಟವಲ್ಲ. ಹಿಂಡನ್ನು ದೊಡ್ಡ ದೊಡ್ಡಿಯೊಳಕ್ಕೆ ಅಟ್ಟಿ, ಕುಣಿಕೆ ಹಾಕಿ ಹಿಡಿದು, ಗಟ್ಟಿ ಕಂಬಗಳಿಗೆ ಕಟ್ಟುತ್ತಿದ್ದರು. ಆರ್ಭಟ ಸ್ವಲ್ಪ ಇಳಿದ ಮೇಲೆ ಪ್ರತಿಯೊಂದನ್ನೂ ಅದಕ್ಕಿಂತ ಬಲವಾದ, ಪಳಗಿದ ಎತ್ತಿನ ಜೊತೆಗೆ ಬಿಗಿಯುತ್ತಿದ್ದರು. ಹೊಸದು ನಡಿಗೆ ಕಲಿಯುತ್ತಿದ್ದುದು ಆ ಜೊತೆಗಾರನಿಂದಲೇ. ಮನುಷ್ಯನ ಕೋಲಿಗಿಂತ ಹಿರಿಯ ಎತ್ತಿನ ತಾಳ್ಮೆಯನ್ನು ನಂಬಿದ ಈ ಕ್ರಮದಲ್ಲಿ ದೊಡ್ಡ ತಿಳಿವಳಿಕೆಯಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಹಿಂಡು ಸೊರಗಿತು. 1813ರಲ್ಲಿ ಮದ್ರಾಸ್ ಸೇನೆಯ ಸರಬರಾಜು ಇಲಾಖೆ ಅದನ್ನು ವಹಿಸಿಕೊಂಡು ಚೇತರಿಸಿತು. ಹುಣಸೂರು ಅದರ ಮುಖ್ಯ ನೆಲೆಯಾಯಿತು. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯಾನ್ ಖರ್ಚು ಉಳಿಸಲು ಹಿಂಡನ್ನೇ ಮಾರಿಸಿಬಿಟ್ಟ. ಶತಮಾನಗಳ ಆಯ್ಕೆಯಿಂದ ರೂಪುಗೊಂಡ ತಳಿಯನ್ನು ಲೆಕ್ಕದ ಪುಸ್ತಕ ನೋಡಿ ಚದುರಿಸಿದ ಈ ತೀರ್ಮಾನ ಎಷ್ಟು ಕುರುಡಾಗಿತ್ತೆಂದು ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಸೇನೆಗೆ ಒಳ್ಳೆಯ ಎತ್ತುಗಳೇ ಸಿಗದೆ 1866ರಲ್ಲಿ ಮತ್ತೆ ಹಿಂಡು ಕಟ್ಟಲು ಹೊರಡಬೇಕಾಯಿತು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಮರಳಿತು.

ಬಯಲಲ್ಲಿ ಬೆಳೆದ ಪ್ರಾಣಿಗಳನ್ನು ಸಾಕುವವರ ಕೈಗೆ ಒಪ್ಪಿಸುವ ಕ್ರಮ ಬೇರೆ ಕಡೆಯೂ ಇದೆ. ಅಮೆರಿಕದಲ್ಲಿ ಕಾಡುಕುದುರೆಗಳ ರಕ್ಷಣೆಗೆ 1971ರಲ್ಲಿ ಕಾಯ್ದೆ ಬಂತು. ಬಯಲಿನ ಮೇವಿಗೆ ಮೀರಿ ಹಿಂಡು ಬೆಳೆದಾಗ ಅಲ್ಲಿನ ಸರ್ಕಾರ ಕುದುರೆಗಳನ್ನು ಸಾಕಲು ಮುಂದೆ ಬಂದವರಿಗೆ ಒಪ್ಪಿಸುತ್ತದೆ. ಒಂದು ವರ್ಷ ಸರಿಯಾಗಿ ನೋಡಿಕೊಂಡವರಿಗೆ ಒಡೆತನದ ಪತ್ರ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಅಜ್ಜಂಪುರದ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರದ ಹರಾಜು. ಹಸುಗಳನ್ನು ತಳಿಗೆ ಉಳಿಸಿಕೊಂಡು ಹೋರಿಕರುಗಳನ್ನು ರೈತರಿಗೆ ಕೂಗಿ ಕೊಡುತ್ತಾರೆ. ಮೂಗುದಾರವನ್ನೇ ಕಾಣದ ಕರುಗಳವು. ಕೊಂಡವರು ಹಗ್ಗ ಹಿಡಿದ ಆಳುಗಳೊಂದಿಗೆ ಬಂದು, ಹೆಣಗಾಡಿ ಗಾಡಿಗೆ ಏರಿಸಿಕೊಂಡು ಹೋಗುತ್ತಾರೆ. ಊರಿಗೆ ಹೋದ ಮೇಲೆ ತಿಂಗಳುಗಟ್ಟಲೆ ಒಡನಾಟ, ಹೆಸರಿಟ್ಟು ಕರೆಯುವುದು, ಆಮೇಲೆ ನೊಗ.

ಆದರೆ ನೊಗದ ಕೆಲಸವೇ ಕಡಿಮೆಯಾಗಿದೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದು ಹೇಮಾವತಿಯ ನೀರು ನಾಲೆಗೆ ಹರಿಯಿತು; ಬೇಸಾಯದ ರೀತಿ ಬದಲಾಯಿತು, ಉಳುಮೆಗೆ ಟ್ರ್ಯಾಕ್ಟರ್ ಬಂತು. ಹಾಲಿನ ಡೇರಿಗಳು ಹಳ್ಳಿಹಳ್ಳಿಗೆ ತಲುಪಿದಂತೆ ಕೊಟ್ಟಿಗೆಗೆ ಮಿಶ್ರತಳಿಯ ಹಸು ಸೇರಿತು. ತನ್ನ ಕರುವಿಗೆ ಸಾಕಾಗುವಷ್ಟೇ ಹಾಲು ಕೊಡುವ ಅಮೃತ್ ಮಹಲ್ ಹಸುವಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ. ಕಾವಲುಗಳದ್ದೂ ಇದೇ ಪಾಡು: ಸಾಗುವಳಿ, ನೆಡುತೋಪು, ಕಟ್ಟಡ ಎಂದು ತುಂಡುತುಂಡಾದವು. ಚಳ್ಳಕೆರೆಯಲ್ಲಿ ಸಾವಿರಾರು ಎಕರೆ ಕಾವಲು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾದಾಗ ಕುರಿಗಾಹಿಗಳೂ ಪರಿಸರ ಹೋರಾಟಗಾರರೂ ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಕಡೂರು ತಾಲ್ಲೂಕಿನ ಬಾಸೂರು ಕಾವಲಿಗೆ ಮಾತ್ರ ಸಂರಕ್ಷಣಾ ಮೀಸಲು ಪ್ರದೇಶದ ಸ್ಥಾನ ಸಿಕ್ಕಿತು. ಅಲ್ಲಿನ ಹುಲ್ಲುಗಾವಲು ಈಗ ದನಗಳ ಜೊತೆಗೆ ಕೃಷ್ಣಮೃಗಗಳಿಗೂ ನೆಲೆ.