ಮ್ಯಾಕ್‌ಬೆತ್: ನಾಟಕದ ಪಾಪಿ, ಚರಿತ್ರೆಯ ದೊರೆ

ರುದ್ರನಾಟಕದ ಲಕ್ಷಣವನ್ನು ತರಗತಿಯಲ್ಲಿ ವಿವರಿಸಬೇಕಾದಾಗಲೆಲ್ಲ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಎತ್ತಿಕೊಳ್ಳುವುದು ನನ್ನ ವಾಡಿಕೆ. ಕನ್ನಡದ ಪಾಠಕ್ಕೆ ಇದು ತೀರ ಹೊರಗಿನ ಮಾತೇನಲ್ಲ. ಎಂ. ಎಲ್. ಶ್ರೀಕಂಠೇಶಗೌಡರು ಇದನ್ನು ‘ಪ್ರತಾಪರುದ್ರದೇವ’ನಾಗಿಸಿ ನಮ್ಮ ರಂಗಕ್ಕೆ ತಂದರು, ಡಿ. ವಿ. ಗುಂಡಪ್ಪನವರು ಅನುವಾದಿಸಿದರು. ಕಥೆ ತಿಳಿದದ್ದೇ. ನಂಬಿ ಮನೆಗೆ ಬಂದ ವೃದ್ಧ ದೊರೆ ಡಂಕನನನ್ನು ಗಂಡ ಮಲಗಿದಲ್ಲಿಯೇ ಇರಿಯುತ್ತಾನೆ. ಹೆಂಡತಿ ಕಾವಲಿನವರ ಮೈಗೆ ರಕ್ತ ಬಳಿಯುತ್ತಾಳೆ. ಬೆಳಗಾದ ಮೇಲೆ ಇಬ್ಬರೂ ಏನೂ ಅರಿಯದವರಂತೆ ಶೋಕಿಸುತ್ತಾರೆ.

ಕಳೆದ ವರ್ಷ ಪಾಠ ಮುಗಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಈ ಮ್ಯಾಕ್‌ಬೆತ್ ನಿಜವಾಗಿ ಇದ್ದವನೆ? ಇಷ್ಟು ಕೆಟ್ಟವನೆ?” ಎಂದು ಕೇಳಿದಳು. “ಇದ್ದವನೇ ಕಣಮ್ಮ” ಎಂದು ಮೊದಲ ಪ್ರಶ್ನೆಗೆ ಉತ್ತರ ಹೇಳಿ ಎರಡನೆಯದನ್ನು ನುಂಗಿಕೊಂಡೆ. ೧೫ ವರ್ಷ ಪಾಠ ಹೇಳಿದ್ದರೂ ನಾನೇ ಅದನ್ನು ವಿಚಾರಿಸಿರಲಿಲ್ಲ.

ವಿಚಾರಿಸಿದಾಗ ತಿಳಿದದ್ದು ಬೇರೆಯೇ. ೧೦೩೪ರಲ್ಲಿ ಸ್ಕಾಟ್ಲೆಂಡಿನ ಪಟ್ಟಕ್ಕೆ ಬಂದ ಡಂಕನ್ ವೃದ್ಧನಲ್ಲ, ಪ್ರಾಯದವನು. ೧೦೪೦ರಲ್ಲಿ ಅವನು ಮ್ಯಾಕ್‌ಬೆತ್ ಆಳುತ್ತಿದ್ದ ಉತ್ತರ ಸೀಮೆಯ ಮೇಲೆ ದಂಡೆತ್ತಿ ಹೋಗಿ ಎಲ್ಗಿನ್ ಬಳಿಯ ಕದನದಲ್ಲಿ ಮಡಿದ. ತಂದೆಯ ಪಟ್ಟ ಮಗನಿಗೇ ಎಂಬ ಕಟ್ಟುಪಾಡು ಆಗ ಅಲ್ಲಿ ನೆಲೆಗೊಂಡಿರಲಿಲ್ಲ. ರಾಜಮನೆತನದ ಶಾಖೆಗಳಲ್ಲಿ ಸಮರ್ಥನಾದವನು ಪಟ್ಟವೇರುವುದಿತ್ತು. ಮ್ಯಾಕ್‌ಬೆತ್ ೧೭ ವರ್ಷ ಆಳಿದ. ೧೦೫೦ರಲ್ಲಿ ರೋಮಿಗೆ ಯಾತ್ರೆ ಹೋಗಿ ಬಡವರಿಗೆ ಹಣವನ್ನು ಚೆಲ್ಲಿದನೆಂದು ಸಮಕಾಲೀನ ಚರಿತ್ರಕಾರನೊಬ್ಬ ಬರೆದಿದ್ದಾನೆ. ಸಿಂಹಾಸನ ಅಲುಗಾಡುತ್ತಿದ್ದರೆ ದೊರೆ ಅಷ್ಟು ದೂರ ಹೋದಾನೆ? ೧೦೫೭ರಲ್ಲಿ ಡಂಕನನ ಮಗ ಮಾಲ್ಕಮನ ಕಡೆಯವರ ಕೈಯಲ್ಲಿ ಅವನ ಕೊನೆಯಾಯಿತು.

ಹಾಗಾದರೆ ಮಲಗಿದವನನ್ನು ಇರಿದ ಕಥೆ ಎಲ್ಲಿಂದ ಬಂತು? ಷೇಕ್ಸ್‌ಪಿಯರನಿಗೆ ಆಧಾರ ಹಾಲಿನ್‌ಶೆಡ್ ಎಂಬವನ ಚರಿತ್ರೆ. ೧೫೭೭ರಲ್ಲಿ ಮೊದಲು ಅಚ್ಚಾದ ಆ ಗ್ರಂಥದಲ್ಲಿ, ಹೆಂಡತಿಯ ಪ್ರೇರಣೆಯಿಂದ ಡಾನ್ವಾಲ್ಡ್ ಎಂಬವನು ತನ್ನ ಕೋಟೆಗೆ ಅತಿಥಿಯಾಗಿ ಬಂದ ಡಫ್ ದೊರೆಯನ್ನು ಕೊಲ್ಲಿಸಿದ ಪ್ರಸಂಗವಿದೆ. ಆ ಡಾನ್ವಾಲ್ಡನ ಪಾಪವನ್ನು ಕವಿ ಮ್ಯಾಕ್‌ಬೆತ್‌ನ ತಲೆಗೆ ಕಟ್ಟಿದ. ಅದೇ ಗ್ರಂಥ ಮ್ಯಾಕ್‌ಬೆತ್ ಹತ್ತು ವರ್ಷ ನ್ಯಾಯದಿಂದ ಆಳಿದನೆಂದು ಹೇಳುತ್ತದೆ. ಆ ಹತ್ತು ವರ್ಷ ನಾಟಕದಲ್ಲಿ ಮಾಯವಾಯಿತು. ಡಂಕನನನ್ನು ಕೊಲ್ಲುವ ಸಂಚಿನಲ್ಲಿ ಬ್ಯಾಂಕೋ ಪಾಲುಗಾರನೆಂದೂ ಅಲ್ಲಿದೆ. ನಾಟಕದ ಬ್ಯಾಂಕೋ ಮಾತ್ರ ನಿಷ್ಕಳಂಕ.

ಕಾರಣವನ್ನು ಬಹು ದೂರ ಹುಡುಕಬೇಕಾಗಿಲ್ಲ. ೧೬೦೩ರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದ. ಅದೇ ವರ್ಷ ಷೇಕ್ಸ್‌ಪಿಯರನ ನಾಟಕ ಮಂಡಲಿ ದೊರೆಯ ಆಶ್ರಯ ಪಡೆಯಿತು. ಬ್ಯಾಂಕೋ ತಮ್ಮ ಮೂಲಪುರುಷನೆಂಬುದು ಜೇಮ್ಸನ ಮನೆತನದ ಹೆಮ್ಮೆ. ೧೬೦೫ರ ನವೆಂಬರಿನಲ್ಲಿ ಪಾರ್ಲಿಮೆಂಟಿನ ಕೆಳಗೆ ೩೬ ಪೀಪಾಯಿ ಸಿಡಿಮದ್ದನ್ನು ಅಡಗಿಸಿ ಅವನನ್ನು ಕೊಲ್ಲುವ ಸಂಚೊಂದು ಬಯಲಾಗಿತ್ತು. ನಾಟಕ ಸುಮಾರು ೧೬೦೬ರದು. ಅಂಥ ಕಾಲದಲ್ಲಿ ದೊರೆಯ ಪೂರ್ವಿಕನನ್ನು ರಾಜಘಾತುಕನೆಂದು ತೋರಿಸುವ ಎದೆ ಯಾರಿಗಿದ್ದೀತು? ವಿಚಿತ್ರವೆಂದರೆ, ೧೫೨೭ರಲ್ಲಿ ಹೊರಬಂದ ಹೆಕ್ಟರ್ ಬೋಯಿಸನ ಲ್ಯಾಟಿನ್ ಚರಿತ್ರೆಗಿಂತ ಹಿಂದೆ ಬ್ಯಾಂಕೋ ಎಂಬ ಹೆಸರೇ ಸಿಗುವುದಿಲ್ಲ! ಇಲ್ಲದವನನ್ನು ಉಳಿಸಲು ಇದ್ದವನ ಹೆಸರು ಕೆಟ್ಟಿತು. ಅಧಿಕಾರದ ವಂಚನೆಯನ್ನು ಬಯಲಿಗೆಳೆವ ನಾಟಕವೇ ಅಧಿಕಾರದ ಮುಖ ನೋಡಿ ಕಥೆಯನ್ನು ತಿದ್ದಿಕೊಂಡಿತು.

ಇದನ್ನು ಓದಿ ಕನ್ನಡಿಗರು ನಗಬೇಕಾಗಿಲ್ಲ. ಪಂಪನೂ ಅರಿಕೇಸರಿಯನ್ನು ಅರ್ಜುನನೊಡನೆ ಒಂದಾಗಿಸಲು ಹೊರಟು, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದ. ಆದರೆ ಪಂಪ ಅದನ್ನು ಮುಚ್ಚುಮರೆಯಿಲ್ಲದೆ ಮಾಡಿದ. ಅವನ ಕೇಳುಗರಿಗೆ ವ್ಯಾಸರ ಕಥೆ ಬಾಯಿಪಾಠವಾಗಿತ್ತು. ಮ್ಯಾಕ್‌ಬೆತ್‌ನಿಗೆ ಅಂಥ ವ್ಯಾಸರಿಲ್ಲ. ಲೋಕಕ್ಕೆಲ್ಲ ಅವನನ್ನು ಪರಿಚಯಿಸಿದ್ದು ನಾಟಕವೊಂದೇ.

ಆದರೂ ಕವಿಯನ್ನು ಪೂರ್ತಿ ಅಪರಾಧಿಯೆನ್ನಲು ನನಗೆ ಮನಸ್ಸು ಬಾರದು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಾಗಿ ಹೊಗಳಹೊರಟ ರನ್ನನು ಕಡೆಗೆ ದುರ್ಯೋಧನನಿಗೇ ನಮ್ಮ ಕಣ್ಣೀರನ್ನು ಕೊಡಿಸಿದನಷ್ಟೆ. ಷೇಕ್ಸ್‌ಪಿಯರನದೂ ಅದೇ ಬಗೆ. ಬ್ಯಾಂಕೋವಿಗೆ ಎಂಟು ಅರಸರ ಮೆರವಣಿಗೆ ಕೊಟ್ಟ. ಮ್ಯಾಕ್‌ಬೆತ್‌ನಿಗೆ ನಿದ್ದೆಗೆಟ್ಟ ಅಂತಃಸಾಕ್ಷಿಯನ್ನು ಕೊಟ್ಟ. ನಾಟಕ ಮುಗಿದ ಮೇಲೆ ನಮ್ಮೊಡನೆ ಮನೆಗೆ ಬರುವವನು ಬ್ಯಾಂಕೋ ಅಲ್ಲ.

ಪ್ರಶ್ನೆ ಕೇಳಿದ ಹುಡುಗಿ ಪದವಿ ಮುಗಿಸಿ ಹೋಗಿದ್ದಾಳೆ. ಅವಳಿಗೆ ಸಲ್ಲಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆದಿದ್ದೇನೆ. ಎಲ್ಲಾದರೂ ಓದಿಯಾಳು.