ಲಾರಿಯ ಭಾರ ಮತ್ತು ಚಾಲಕನ ಹೊತ್ತು: ಮುಳವಾಡ ಸೀಮೆಯಿಂದ ಒಂದು ಅವಲೋಕನ

ವಿಜಯಪುರದಿಂದ ದಕ್ಷಿಣಕ್ಕೆ ಕೊಲ್ಹಾರದ ಕಡೆಗೆ ಸಾಗುವ ಹೆದ್ದಾರಿಯ ಮೇಲೆ ಮುಳವಾಡವು ದೊಡ್ಡ ಊರೇನೂ ಅಲ್ಲ. ಆದರೂ ಸರಕು ಸಾಗಾಣಿಕೆಯ ಚರಿತ್ರೆಯನ್ನು ಅಭ್ಯಸಿಸುವವರಿಗೆ ಈ ಸೀಮೆಯು ಅನುಕೂಲವಾದ ನೆಲೆಯಾಗಿದೆ. 1884ರ ಹೊತ್ತಿಗೆ ದಕ್ಷಿಣ ಮರಾಠಾ ರೈಲ್ವೆಯ ಹೋಟಗಿ-ಗದಗ ಮಾರ್ಗವು ಈ ಭಾಗವನ್ನು ಹಾದು, ಜೋಳ ಹತ್ತಿಗಳನ್ನು ಹೇರಿದ ಚಕ್ಕಡಿಗಳನ್ನು ನಿಲ್ದಾಣಗಳ ಕಡೆಗೆ ತಿರುಗಿಸಿತು. ಅರ್ಧ ಶತಮಾನದ ತರುವಾಯ ಬಂದ ಲಾರಿಯು ಅದೇ ಸರಕನ್ನು ಮರಳಿ ರಸ್ತೆಗೆ ಎಳೆಯತೊಡಗಿತು. ಲಾರಿಗಳ ಮೇಲಿನ ತಪಾಸಣೆಯ ಕಾನೂನು ನಮ್ಮ ದೇಶದಲ್ಲಿ ರೂಪುಗೊಂಡುದು ಈ ಎಳೆದಾಟದ ನಡುವೆ. ಅದನ್ನು ಕೇವಲ ಅಪಘಾತ ನಿವಾರಣೆಯ ಕಾನೂನೆಂದು ಓದುವವರು ಅದರ ಅರ್ಧವನ್ನು ಮಾತ್ರ ಓದುತ್ತಾರೆಂದು ನಮಗೆ ತೋರುತ್ತದೆ.

1914ರ ಭಾರತೀಯ ಮೋಟಾರು ವಾಹನ ಕಾಯಿದೆಯು ಮುಖ್ಯವಾಗಿ ನೋಂದಣಿ, ಚಾಲನಾ ಪತ್ರ, ಅಜಾಗರೂಕ ಚಾಲನೆ ಇವುಗಳಿಗೆ ಸಂಬಂಧಿಸಿದ್ದಿತು. ಅನಂತರ ರೈಲಿನ ಆದಾಯಕ್ಕೆ ರಸ್ತೆಯ ಪೈಪೋಟಿಯಿಂದ ಧಕ್ಕೆಯೊದಗಿದಾಗ ಸರ್ಕಾರವು ಎಚ್ಚೆತ್ತಿತು. ರಸ್ತೆಯ ಎಂಜಿನಿಯರಾದ ಮಿಚೆಲ್ ಮತ್ತು ರೈಲ್ವೆಯ ಅಧಿಕಾರಿಯಾದ ಕರ್ಕ್‌ನೆಸ್ ಅವರು ಪ್ರಾಂತಗಳಲ್ಲಿ ಸಂಚರಿಸಿ ವರದಿಯನ್ನು ಸಲ್ಲಿಸಿದರು; 1933ರಲ್ಲಿ ಸಿಮ್ಲಾದಲ್ಲಿ ರಸ್ತೆ-ರೈಲು ಸಮ್ಮೇಳನವು ಜರುಗಿತು. ಇವೆಲ್ಲದರ ಫಲವೇ 1939ರ ಮೋಟಾರು ವಾಹನ ಕಾಯಿದೆ. ಲಾರಿಗೆ ರಹದಾರಿ, ಅರ್ಹತಾ ಪತ್ರ, ಭಾರದ ಮಿತಿ, ವಾಹನವನ್ನು ತೂಗಿಸುವ ಅಧಿಕಾರ, ಚಾಲಕನ ದುಡಿಮೆಯ ಹೊತ್ತಿಗೆ ಮಿತಿ: ಎಲ್ಲವೂ ಒಂದೇ ಕಾಯಿದೆಯೊಳಗೆ ಸೇರಿದವು. ರೈಲಿನ ರಕ್ಷಣೆ, ರಸ್ತೆಯ ರಕ್ಷಣೆ, ಮನುಷ್ಯರ ರಕ್ಷಣೆ ಈ ಮೂರೂ ಒಂದೇ ಹೊದಿಕೆಯಡಿಯಲ್ಲಿ ಮಲಗಿದವೆನ್ನಬಹುದು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬಿಜಾಪುರ ಜಿಲ್ಲೆಗೆ 1940ರ ಮುಂಬಯಿ ನಿಯಮಗಳು ಅನ್ವಯಿಸಿದವು.

ಕನ್ನಡ ನಾಡಿನ ಹಲವೆಡೆ ಮೋಟಾರು ವಾಹನ ನಿರೀಕ್ಷಕರನ್ನು ಜನರು 'ಬ್ರೇಕ್ ಇನ್ಸ್‌ಪೆಕ್ಟರ್' ಎಂದು ಕರೆಯುತ್ತ ಬಂದಿದ್ದಾರೆ. ಇದು ಯಾವ ಕಾಯಿದೆಯಲ್ಲಿಯೂ ಇಲ್ಲದ ಹೆಸರು. ಆ ಅಧಿಕಾರಿಯು ಮೊದಲು ನೋಡಬೇಕಾದುದೇನೆಂಬುದನ್ನು ಜನರ ಮಾತು ಕಾಗದಪತ್ರಗಳಿಗಿಂತ ಸ್ಪಷ್ಟವಾಗಿ ಉಳಿಸಿಕೊಂಡಿದೆ.

ಗಡಿಗಳ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ಸಿಂದಗಿ, ಮುದ್ದೇಬಿಹಾಳಗಳ ಆಚೆ ನಿಜಾಮರ ಸೀಮೆ. ಕೃಷ್ಣೆಯ ದಕ್ಷಿಣಕ್ಕೆ ಜಮಖಂಡಿ, ಮುಧೋಳ ಸಂಸ್ಥಾನಗಳು. ಬ್ರಿಟಿಷ್ ಇಂಡಿಯಾದ ಕಾಯಿದೆಯು ಆ ಗಡಿಗಳಲ್ಲಿ ನಿಂತುಬಿಡುತ್ತಿತ್ತು. 1948ರಲ್ಲಿ ಈ ಗೆರೆಗಳು ಅಳಿಯತೊಡಗಿದವು. 1956ರ ನವೆಂಬರ್ 1ರಂದು ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಲು, ಸೊಲ್ಲಾಪುರದ ದಾರಿಯಲ್ಲಿ ಭೀಮಾ ನದಿಯು ಹೊಸ ರಾಜ್ಯಗಡಿಯಾಯಿತು. ಅಂದಿನಿಂದ ಲಾರಿಯನ್ನು ನಿಲ್ಲಿಸುವ ಸ್ಥಳವೆಂದರೆ ಗಡಿಯ ತಪಾಸಣಾ ಠಾಣೆ ಎಂಬ ಭಾವನೆಯು ಬಲಿಯಿತು. ಆದರೆ ಅಲ್ಲಿ ಸುಂಕವನ್ನು ನೋಡುವ ಕಣ್ಣು ಬ್ರೇಕನ್ನು ನೋಡುವ ಕಣ್ಣಿಗಿಂತ ಚುರುಕಾಗಿದ್ದಿತು. ವಾಣಿಜ್ಯ ತೆರಿಗೆಯ ಠಾಣೆಗಳು 2017ರಲ್ಲಿ ಸರಕು ಮತ್ತು ಸೇವಾ ತೆರಿಗೆಯೊಡನೆ ಮುಚ್ಚಿದವು.

ನಮ್ಮ ಮುಖ್ಯ ಪ್ರಶ್ನೆಯು ಬೇರೆಯಾಗಿದೆ. 1939ರ ಕಾಯಿದೆಯು ಎರಡು ಬಗೆಯ ಮಿತಿಗಳನ್ನು ವಿಧಿಸಿತು. ಒಂದು ಲಾರಿಯ ಭಾರಕ್ಕೆ. ಇನ್ನೊಂದು ಚಾಲಕನ ಹೊತ್ತಿಗೆ: ಐದು ಗಂಟೆಗಳ ಚಾಲನೆಯಾದ ಮೇಲೆ ಅರ್ಧ ಗಂಟೆ ವಿಶ್ರಾಂತಿ, ದಿನಕ್ಕೆ 9 ಗಂಟೆ, ವಾರಕ್ಕೆ 54 ಗಂಟೆ. ಇವೆರಡರಲ್ಲಿ ಮೊದಲನೆಯದು ಬೆಳೆಯುತ್ತ ಹೋಯಿತು. ಎರಡನೆಯದು ಕುಗ್ಗುತ್ತ ಬಂದಿತು.

ಭಾರದ ವಿಷಯದಲ್ಲಿ ಕಾನೂನಿನ ನಡೆಯನ್ನು ಗಮನಿಸಿರಿ. 1988ರ ಕಾಯಿದೆಯ ಪ್ರಕಾರ ಅಧಿಕಾರಿಯು ಮುಂದಿನ ಹಾದಿಯಿಂದ 10 ಕಿಲೋಮೀಟರಿನೊಳಗೆ, ಇಲ್ಲವೆ ತಲುಪುವ ಸ್ಥಳದಿಂದ 20 ಕಿಲೋಮೀಟರಿನೊಳಗೆ ಇರುವ ಕಾಟಾಕ್ಕೆ ಲಾರಿಯನ್ನು ಒಯ್ಯಿಸಬಹುದು. ಹೆಚ್ಚಿನ ಭಾರವನ್ನು ದಂಡ ಕಟ್ಟಿಸಿಕೊಂಡು ಹಾಗೆಯೇ ಮುಂದೆ ಬಿಡುವ ಪದ್ಧತಿಯು ಕೆಲವು ರಾಜ್ಯಗಳಲ್ಲಿ ಬೇರೂರಿದ್ದಿತು. ಪರಮಜಿತ್ ಭಸೀನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರ ನವೆಂಬರಿನಲ್ಲಿ ಇದು ಸಲ್ಲದೆಂದು ತೀರ್ಪಿತ್ತಿತು. 2018ರಲ್ಲಿ ಕೇಂದ್ರವು ಎರಡು ಅಚ್ಚಿನ ಲಾರಿಯ ಒಟ್ಟು ಭಾರವನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಮರುವರ್ಷವೇ ಅತಿಭಾರದ ದಂಡವು 2,000 ರೂಪಾಯಿಯಿಂದ 20,000ಕ್ಕೆ ಏರಿತು. ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಮಿತಿಯನ್ನೂ ಏರಿಸಿ ದಂಡವನ್ನೂ ಏರಿಸಿದುದು ವಿಚಿತ್ರವಾಗಿ ಕಂಡರೂ, ರಸ್ತೆಯಲ್ಲಿ ನಡೆಯುತ್ತಿದ್ದುದನ್ನು ಒಪ್ಪಿಕೊಂಡು ಗೆರೆಯನ್ನು ಹೊಸದಾಗಿ ಎಳೆದ ಕ್ರಮವಿದು.

ಹೊತ್ತಿನ ವಿಷಯವೆಂತು? 1939ರ ನಿಯಮವು ಚಾಲಕನನ್ನು ದುಡಿಸಿಕೊಳ್ಳುವವನನ್ನು ಕುರಿತುದು. ಸ್ವಂತ ಲಾರಿಯನ್ನು ತಾನೇ ನಡೆಸುವವನು ಅದರ ಹೊರಗುಳಿದನು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8, ವಾರಕ್ಕೆ 48 ಗಂಟೆಗಳೆಂದು ಕಟ್ಟುಮಾಡಿದರೂ, ಸಾಮಾನ್ಯವಾಗಿ ಐವರು ಅಥವಾ ಹೆಚ್ಚು ಕೆಲಸಗಾರರಿದ್ದ ಉದ್ಯಮಗಳಿಗಷ್ಟೇ ಅನ್ವಯಿಸಿತು. 1988ರ ಕಾಯಿದೆಯು ದುಡಿಮೆಯ ಹೊತ್ತಿಗೆ ಇದೇ 1961ರ ಕಾಯಿದೆಯನ್ನು ತೋರಿಸಿ ಸುಮ್ಮನಾಯಿತು. 2020ರ ಕಾರ್ಮಿಕ ಸಂಹಿತೆಯು ಇದನ್ನು ತನ್ನಲ್ಲಿ ಅಡಗಿಸಿಕೊಂಡಿತು. ಒಬ್ಬ ಮಾಲಿಕ, ಒಬ್ಬ ಚಾಲಕ, ಒಬ್ಬ ಕ್ಲೀನರ್ ಇರುವ ಲಾರಿಯೇ ನಮ್ಮ ಕಡೆಯ ಸಾಮಾನ್ಯ ಲಾರಿಯೆಂಬುದನ್ನು ನೆನೆದರೆ, ಈ ರಕ್ಷಣೆಯು ಯಾರನ್ನು ತಲುಪಲಿಲ್ಲವೆಂಬುದು ವಿಶದವಾಗುತ್ತದೆ. ಭಾರಕ್ಕೆ ಕಾಟಾ ಇದೆ. ರಾತ್ರಿಯಿಡೀ ಎಚ್ಚರವಿದ್ದವನ ದಣಿವನ್ನು ತೂಗಲು ರಸ್ತೆಬದಿಯ ಅಧಿಕಾರಿಯ ಬಳಿ ಏನಿದೆ?

ಮುಳವಾಡದ ಸೀಮೆಯಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವುಂಟು. ಆಲಮಟ್ಟಿಯ ಹಿನ್ನೀರನ್ನು ಮೇಲೆತ್ತುವ ಮುಳವಾಡ ಏತ ನೀರಾವರಿಯು ಜೋಳದ ಎರೆಭೂಮಿಗೆ ನೀರು ತಂದಿತು; ನೀರು ಬಂದೆಡೆ ಕಬ್ಬೂ ಬಂದಿತು. ಹಂಗಾಮಿನ ರಾತ್ರಿಗಳಲ್ಲಿ ಟ್ರ್ಯಾಕ್ಟರು ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡು ಕಾರ್ಖಾನೆಯ ಕಡೆಗೆ ತೆವಳುತ್ತದೆ. ಕಾನೂನಿನ ಪರಿಭಾಷೆಯಲ್ಲಿ ಟ್ರ್ಯಾಕ್ಟರೆಂದರೆ ತಾನೇ ಭಾರ ಹೊರಲು ನಿರ್ಮಿತವಾಗದ ವಾಹನ. ಹೊಲದ ಯಂತ್ರವು ಹೆದ್ದಾರಿಯ ಸರಕು ವಾಹನವಾದಾಗ ಹಿಂದಿನ ದೀಪವಿಲ್ಲದಿರುವುದು, ಕಬ್ಬಿನ ಗರಿಗಳು ಹೊರಚಾಚಿ ದೀಪವನ್ನೇ ಮುಚ್ಚುವುದು ಸಾಮಾನ್ಯ. ಹಿಂದಿನಿಂದ ಬರುವ ಬೈಕಿನವನಿಗೆ ಅದು ಹತ್ತಿರವಾಗುವವರೆಗೂ ಕಾಣದು. ಪೊಲೀಸರೂ ಸಾರಿಗೆ ಇಲಾಖೆಯವರೂ ಹಂಗಾಮಿನಲ್ಲಿ ಹೊಳೆಯುವ ಪಟ್ಟಿಗಳನ್ನು ಅಂಟಿಸುತ್ತಾರೆ. ಕೆಲಸವು ಒಳ್ಳೆಯದೇ, ಆದರೆ ಅದು ಕಾನೂನಿನ ಜಾರಿಗಿಂತ ಉಪಕಾರದ ರೂಪದಲ್ಲಿ ನಡೆಯುತ್ತಿರುವುದು ಗಮನಾರ್ಹ.

ಕಾರ್ಖಾನೆಯ ಬಾಗಿಲಲ್ಲಿ ಪ್ರತಿಯೊಂದು ಟ್ರೇಲರೂ ಕಾಟಾದ ಮೇಲೇರುತ್ತದೆ. ರೈತನಿಗೆ ಹಣ ಸಲ್ಲಿಸುವುದಕ್ಕಾಗಿ ತೂಕದ ಚೀಟಿಯು ಸಿದ್ಧವಾಗುತ್ತದೆ. ಹೀಗೆ ಹೆದ್ದಾರಿಯಲ್ಲಿ ಅಧಿಕಾರಿಯು ಹುಡುಕುವ ಸಂಗತಿಯು ಬೆಲೆಯ ಲೆಕ್ಕವಾಗಿ ಕಾರ್ಖಾನೆಯ ಕಡತದಲ್ಲಿ ಮೊದಲೇ ಇರುತ್ತದೆ. ಒಂದು ಹಂಗಾಮಿನ ಇಂತಹ ಚೀಟಿಗಳನ್ನು ಅದೇ ಅವಧಿಯ ಸಾರಿಗೆ ಕಚೇರಿಯ ಪ್ರಕರಣಗಳೊಡನೆ ಹೋಲಿಸಿ ನೋಡುವ ಕೆಲಸವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೊಳ್ಳಬಹುದು.