ಪ್ರೋಟೀನ್ ಮತ್ತು ಸಸಾರಜನಕ: ಪದಗಳ ಅರ್ಥ ಹಾಗೂ ಮೂಲ

ಪೀಠಿಕೆ

ಆಹಾರ, ಆರೋಗ್ಯ ಮತ್ತು ಪೌಷ್ಟಿಕತೆಗೆ ಸಂಬಂಧಿಸಿದ ಸೇವೆಗಳನ್ನು ಪಡೆಯುವ ನಾಗರಿಕರು ಒಂದೇ ವಸ್ತುವಿಗೆ ಹಲವು ಹೆಸರುಗಳನ್ನು ಕಾಣುತ್ತಾರೆ. ಶಾಲಾ ಪಠ್ಯಪುಸ್ತಕದಲ್ಲಿ ‘ಸಸಾರಜನಕ’ ಎಂದೂ, ಬಿಸ್ಕತ್ತಿನ ಪೊಟ್ಟಣದ ಮೇಲೆ ‘ಪ್ರೋಟೀನ್’ ಎಂದೂ, ಗರ್ಭಿಣಿಯರ ತಾಯಿ ಕಾರ್ಡಿನಲ್ಲಿ ‘ಆಲ್ಬುಮಿನ್’ ಎಂದೂ ನಮೂದಿಸಲಾಗಿರುತ್ತದೆ. ಉಡುಪಿ ಜಿಲ್ಲೆಯ ಹೂಡೆಯಂತಹ ಕರಾವಳಿ ಗ್ರಾಮಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಉರ್ದು ಮತ್ತು ಕನ್ನಡ ಭಾಷೆಗಳು ಒಟ್ಟಿಗೆ ಬಳಕೆಯಲ್ಲಿರುವುದರಿಂದ ಹೆಸರುಗಳ ಸಂಖ್ಯೆ ಇನ್ನೂ ಹೆಚ್ಚುತ್ತದೆ. ಈ ಪದಗಳ ಅರ್ಥವನ್ನು ಸರಿಯಾಗಿ ತಿಳಿಯದಿದ್ದಲ್ಲಿ ಆಹಾರದ ಆಯ್ಕೆಯಲ್ಲಿಯೂ, ವೈದ್ಯಕೀಯ ವರದಿಯನ್ನು ಓದುವಲ್ಲಿಯೂ ತಪ್ಪು ಉಂಟಾಗಬಹುದು. ಸಾರ್ವಜನಿಕರ ಮಾಹಿತಿಗಾಗಿ ಈ ಪದಗಳ ವಿವರಣೆಯನ್ನು ಕೆಳಗೆ ನೀಡಲಾಗಿದೆ.

1. ‘ಪ್ರೋಟೀನ್’ ಪದದ ಮೂಲ

ಹದಿನೆಂಟನೆಯ ಶತಮಾನದ ಕೊನೆಯ ವೇಳೆಗೆ ಯುರೋಪಿನ ರಸಾಯನಶಾಸ್ತ್ರಜ್ಞರು ಮೊಟ್ಟೆಯ ಬಿಳಿಭಾಗ, ರಕ್ತ, ಹಾಲು ಮತ್ತು ಗೋಧಿಗಳಲ್ಲಿ ಪರಸ್ಪರ ಹೋಲುವ ಪದಾರ್ಥಗಳಿರುವುದನ್ನು ಗುರುತಿಸಿದ್ದರು. ಡಚ್ ವಿಜ್ಞಾನಿ ಗೆರಾರ್ಡಸ್ ಯೊಹಾನೆಸ್ ಮುಲ್ಡರ್ ಇವುಗಳನ್ನು ವಿಶ್ಲೇಷಿಸಿ, ಇವುಗಳಲ್ಲಿನ ಮೂಲವಸ್ತುಗಳ ಪ್ರಮಾಣ ಬಹುತೇಕ ಒಂದೇ ಆಗಿದೆಯೆಂದು ಕಂಡರು. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಯೋನ್ಸ್ ಯಾಕೋಬ್ ಬೆರ್ಸೆಲಿಯಸ್ ಅವರು 10 ಜುಲೈ 1838ರಂದು ಮುಲ್ಡರ್‌ಗೆ ಬರೆದ ಪತ್ರದಲ್ಲಿ ಈ ಪದಾರ್ಥಕ್ಕೆ ‘ಪ್ರೋಟೀನ್’ ಎಂಬ ಹೆಸರನ್ನು ಸೂಚಿಸಿದರು. ಮುಲ್ಡರ್ ಅದೇ ವರ್ಷ ಆ ಹೆಸರನ್ನು ತಮ್ಮ ಬರಹದಲ್ಲಿ ಬಳಸಿದರು.

ಗ್ರೀಕ್ ಭಾಷೆಯ ‘ಪ್ರೋಟೋಸ್’ ಎಂದರೆ ಮೊದಲನೆಯದು. ‘ಪ್ರೋಟೇಯೋಸ್’ ಎಂದರೆ ಅಗ್ರಸ್ಥಾನದಲ್ಲಿರುವುದು. ಪ್ರಾಣಿಗಳ ಪೋಷಣೆಗೆ ಇದೇ ಪ್ರಧಾನ ವಸ್ತುವೆಂಬ ಭಾವನೆಯಿಂದ ಈ ಹೆಸರು ಬಂದಿತು. ಎಲ್ಲ ಪ್ರೋಟೀನುಗಳಿಗೂ ಆಧಾರವಾದ ಒಂದೇ ಮೂಲಪದಾರ್ಥವಿದೆಯೆಂಬ ಮುಲ್ಡರ್ ಅವರ ಅಭಿಪ್ರಾಯ ಮುಂದೆ ತಪ್ಪೆಂದು ಸಿದ್ಧವಾಯಿತು. ಆದರೆ ಹೆಸರು ಉಳಿದುಕೊಂಡಿತು. ಸುಮಾರು 20 ಬಗೆಯ ಅಮೈನೋ ಆಮ್ಲಗಳು ಸರಪಳಿಯಂತೆ ಜೋಡಣೆಗೊಂಡು ಸಾವಿರಾರು ಬಗೆಯ ಪ್ರೋಟೀನುಗಳಾಗುತ್ತವೆ ಎಂಬುದು ಇಂದಿನ ತಿಳಿವಳಿಕೆ.

2. ಕನ್ನಡದ ‘ಸಸಾರಜನಕ’

ಕನ್ನಡದ ಪದವು ಗ್ರೀಕ್ ಪದದ ಅನುವಾದವಲ್ಲ. ‘ಸ’ ಎಂದರೆ ಸಹಿತ. ‘ಸಾರಜನಕ’ ಎಂದರೆ ನೈಟ್ರೋಜನ್ ಎಂಬ ಮೂಲವಸ್ತು. ಆದ್ದರಿಂದ ಸಸಾರಜನಕ ಎಂದರೆ ಸಾರಜನಕವನ್ನು ಒಳಗೊಂಡಿರುವುದು ಎಂದರ್ಥ. ಆಮ್ಲಜನಕ, ಜಲಜನಕಗಳಂತೆಯೇ ಸಾರಜನಕವೂ ‘ಹುಟ್ಟಿಸುವುದು’ ಎಂಬರ್ಥದ ‘ಜನಕ’ ಸೇರಿ ಆದ ಪದವಾಗಿದ್ದು, ಸಾರವನ್ನು ಹುಟ್ಟಿಸುವುದು ಎಂಬ ಅರ್ಥವನ್ನು ಕೊಡುತ್ತದೆ. ರೈತರಿಗೆ ಈ ಪದ ಯೂರಿಯಾ ಗೊಬ್ಬರದ ಮೂಲಕ ಪರಿಚಿತವಾಗಿದೆ, ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿರುತ್ತದೆ.

ಆಹಾರದ ಇತರ ಎರಡು ಮುಖ್ಯ ಘಟಕಗಳಾದ ಶರ್ಕರಪಿಷ್ಟ ಮತ್ತು ಕೊಬ್ಬುಗಳಲ್ಲಿ ಇಂಗಾಲ, ಜಲಜನಕ, ಆಮ್ಲಜನಕಗಳೇ ಪ್ರಧಾನವಾಗಿವೆ. ಸಾರಜನಕವು ಪ್ರೋಟೀನಿನ ವಿಶೇಷ ಗುರುತಾಗಿದೆ. ಗ್ರೀಕ್ ಮೂಲದ ಹೆಸರು ಪದಾರ್ಥದ ಸ್ಥಾನವನ್ನು ಹೇಳಿದರೆ, ಕನ್ನಡದ ಹೆಸರು ಅದರ ರಚನೆಯನ್ನು ಹೇಳುತ್ತದೆ.

3. ಇತರ ಭಾಷೆಗಳಲ್ಲಿ

ವಿವಿಧ ಭಾಷೆಗಳು ಈ ಪದಾರ್ಥಕ್ಕೆ ಹೆಸರಿಡುವಾಗ ಅನುಸರಿಸಿದ ಮಾರ್ಗಗಳನ್ನು ಹೀಗೆ ವಿಂಗಡಿಸಬಹುದು.

(ಅ) ಮೊಟ್ಟೆಯ ಬಿಳಿಭಾಗದಿಂದ: ಜರ್ಮನ್ ಭಾಷೆಯ ‘ಐವೈಸ್’, ಡಚ್ ಭಾಷೆಯ ‘ಐವಿಟ್’ ಇವುಗಳ ನೇರ ಅರ್ಥ ಮೊಟ್ಟೆಯ ಬಿಳಿ. ರಷ್ಯನ್ ಭಾಷೆಯ ‘ಬೆಲೋಕ್’ ಪದವೂ ಬಿಳಿ ಎಂಬ ಅರ್ಥದ ಪದದಿಂದ ಬಂದಿದೆ. ಚೀನೀ ಮತ್ತು ಜಪಾನೀ ಭಾಷೆಗಳ ಪದಗಳಿಗೆ ಮೊಟ್ಟೆಯ ಬಿಳಿಯ ದ್ರವ್ಯ ಎಂಬ ಅರ್ಥವಿದೆ. ‘ಆಲ್ಬುಮಿನ್’ ಕೂಡ ಲ್ಯಾಟಿನ್ ಭಾಷೆಯಲ್ಲಿ ಮೊಟ್ಟೆಯ ಬಿಳಿಗೆ ಇದ್ದ ಹೆಸರಿನಿಂದಲೇ ಬಂದಿದೆ.

(ಆ) ಮಾಂಸದಿಂದ: ತೆಲುಗಿನ ‘ಮಾಂಸಕೃತ್ತುಲು’, ಮಲಯಾಳದ ‘ಮಾಂಸ್ಯಂ’ ಪದಗಳು ಮಾಂಸ ಎಂಬುದರಿಂದ ಆಗಿವೆ. ಉರ್ದುವಿನ ‘ಲಹ್ಮಿಯಾತ್’ ಪದವು ಮಾಂಸವೆಂಬ ಅರ್ಥದ ಅರಬ್ಬಿಯ ‘ಲಹ್ಮ್’ ಪದದಿಂದ ಬಂದಿದೆ. ಬಂಗಾಳಿಯಲ್ಲಿ ‘ಆಮಿಷ್’ ಎನ್ನುತ್ತಾರೆ. ಇದೇ ಸಂಸ್ಕೃತ ಪದ ಕನ್ನಡದಲ್ಲಿ ‘ಆಮಿಷ’ ಎಂದಾಗಿ, ಒಡ್ಡುವ ಆಸೆ ಎಂಬ ಅರ್ಥದಲ್ಲಿ ಹೆಚ್ಚು ಬಳಕೆಯಲ್ಲಿದೆ. ಮೂಲಾರ್ಥವು ‘ನಿರಾಮಿಷ’ ಎಂಬ ಪದದಲ್ಲಿ ಉಳಿದಿದೆ.

(ಇ) ಧ್ವನಿಯ ಅನುಸರಣೆಯಿಂದ: ಮರಾಠಿಯ ‘ಪ್ರಥಿನ’, ತಮಿಳಿನ ‘ಪುರದಂ’, ಅರಬ್ಬಿಯ ‘ಬ್ರೂತೀನ್’ ಪದಗಳು ಮೂಲಪದದ ಧ್ವನಿಗೆ ಸಮೀಪವಾಗಿವೆ. ಹಿಂದಿಯಲ್ಲಿ ‘ಪ್ರೋಟೀನ್’ ಎಂದೇ ರೂಢಿಯಾಗಿದೆ. ಕನ್ನಡದಲ್ಲಿಯೂ ಆಡುಮಾತಿನಲ್ಲಿ ಇದೇ ಪದ ನೆಲೆಗೊಂಡಿದೆ.

4. ಹೆಸರಿನಿಂದ ಉಂಟಾಗುವ ತಪ್ಪು ತಿಳಿವಳಿಕೆಗಳು

(ಅ) ಪ್ರೋಟೀನ್ ಮಾಂಸಾಹಾರದಲ್ಲಿ ಮಾತ್ರವಿದೆ ಎಂಬುದು: ಕೆಲವು ಭಾಷೆಗಳ ಹೆಸರು ಹೀಗೆ ಸೂಚಿಸಿದರೂ ಇದು ಸರಿಯಲ್ಲ. ಪ್ರತಿ 100 ಗ್ರಾಂ ಹುರುಳಿ ಅಥವಾ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ಕರಾವಳಿಯ ನಿತ್ಯದ ಆಹಾರವಾದ ಬಂಗುಡೆ ಮೀನಿನಲ್ಲಿ ಸುಮಾರು 19 ರಿಂದ 20 ಗ್ರಾಂ, ಒಂದು ಕೋಳಿಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಇರುತ್ತದೆ. ಕುಚ್ಚಲಕ್ಕಿಯಲ್ಲಿ 100 ಗ್ರಾಂಗೆ 7 ರಿಂದ 8 ಗ್ರಾಂ ಮಾತ್ರ ಇರುವುದರಿಂದ ಗಂಜಿಯೊಂದೇ ಸಾಲದು. ಮೀನು, ಮೊಟ್ಟೆ, ಹಾಲು ಅಥವಾ ಬೇಳೆಕಾಳುಗಳು ಜೊತೆಗಿರಬೇಕು. ಧಾನ್ಯದಲ್ಲಿ ಕಡಿಮೆಯಿರುವ ಅಮೈನೋ ಆಮ್ಲಗಳನ್ನು ಕಾಳುಗಳು ಒದಗಿಸುತ್ತವೆ.

(ಆ) ಸಾರಜನಕವಿರುವುದೆಲ್ಲವೂ ಸಸಾರಜನಕ ಎಂಬುದು: ಡೆನ್ಮಾರ್ಕಿನ ಯೊಹಾನ್ ಕ್ಯೆಲ್ಡಾಲ್ ಅವರು 1883ರಲ್ಲಿ ಪದಾರ್ಥದಲ್ಲಿನ ಸಾರಜನಕವನ್ನು ಅಳೆಯುವ ವಿಧಾನವನ್ನು ಪ್ರಕಟಿಸಿದರು. ಪ್ರೋಟೀನಿನಲ್ಲಿ ಸರಾಸರಿ ಶೇ. 16ರಷ್ಟು ಸಾರಜನಕವಿರುವುದರಿಂದ, ದೊರೆತ ಸಾರಜನಕದ ಪ್ರಮಾಣವನ್ನು 6.25 ರಿಂದ ಗುಣಿಸಿ ಪ್ರೋಟೀನಿನ ಪ್ರಮಾಣವನ್ನು ಲೆಕ್ಕ ಹಾಕಲಾಗುತ್ತದೆ. ಈ ವಿಧಾನವನ್ನು ದುರುಪಯೋಗಪಡಿಸಿಕೊಂಡು ಚೀನಾದಲ್ಲಿ ಶಿಶುಗಳ ಹಾಲಿನ ಪುಡಿಗೆ ಹೆಚ್ಚು ಸಾರಜನಕವುಳ್ಳ ಮೆಲಮೈನ್ ಎಂಬ ರಾಸಾಯನಿಕವನ್ನು ಬೆರೆಸಿದ್ದು 2008ರಲ್ಲಿ ಬಯಲಾಯಿತು. ಸುಮಾರು 3 ಲಕ್ಷ ಮಕ್ಕಳು ಅಸ್ವಸ್ಥರಾದರು. ಆರು ಶಿಶುಗಳು ಮೃತಪಟ್ಟವು. ಹಾಲಿಗೆ ಯೂರಿಯಾ ಬೆರೆಸುವ ಕಲಬೆರಕೆಯೂ ಇದೇ ಬಗೆಯದು. ಪರೀಕ್ಷೆಯು ಸಾರಜನಕವನ್ನು ಅಳೆಯುತ್ತದೆ. ಆಹಾರದ ಶುದ್ಧತೆಯನ್ನು ಅದೊಂದೇ ಖಚಿತಪಡಿಸುವುದಿಲ್ಲ.

(ಇ) ವರದಿಯಲ್ಲಿ ಪ್ರೋಟೀನ್ ಕಂಡುಬಂದರೆ ಒಳ್ಳೆಯದು ಎಂಬುದು: ಇದು ಅಪಾಯಕಾರಿಯಾದ ತಪ್ಪು ತಿಳಿವಳಿಕೆ. ಗರ್ಭಿಣಿಯರ ತಪಾಸಣೆಯಲ್ಲಿ ಮೂತ್ರದ ಆಲ್ಬುಮಿನ್ ಪರೀಕ್ಷೆಯನ್ನು ಮಾಡಿ ತಾಯಿ ಕಾರ್ಡಿನಲ್ಲಿ ನಮೂದಿಸಲಾಗುತ್ತದೆ. ಆಲ್ಬುಮಿನ್ ಒಂದು ಪ್ರೋಟೀನ್ ಆಗಿದ್ದು, ಅದು ರಕ್ತದಲ್ಲಿ ಉಳಿಯಬೇಕೇ ಹೊರತು ಮೂತ್ರದಲ್ಲಿ ಹೋಗಬಾರದು. ಗರ್ಭಧಾರಣೆಯ 20 ವಾರಗಳ ನಂತರ ರಕ್ತದೊತ್ತಡ ಹೆಚ್ಚಿ, ಮೂತ್ರದಲ್ಲಿಯೂ ಆಲ್ಬುಮಿನ್ ಕಂಡುಬಂದಲ್ಲಿ ಅದು ತಾಯಿ ಮತ್ತು ಮಗುವಿನ ಜೀವಕ್ಕೆ ಅಪಾಯ ತರಬಲ್ಲ ಗರ್ಭಾವಸ್ಥೆಯ ನಂಜಿನ ಸೂಚನೆಯಾಗಿರಬಹುದು. ಅಂತಹ ಸಂದರ್ಭದಲ್ಲಿ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯರನ್ನು ಕಾಣುವುದು ಅತ್ಯಗತ್ಯ. ಇದು ಆಹಾರದಲ್ಲಿ ಪ್ರೋಟೀನ್ ಹೆಚ್ಚಾದುದರ ಲಕ್ಷಣವಲ್ಲ. ಆದ್ದರಿಂದ ವೈದ್ಯರ ಸಲಹೆಯಿಲ್ಲದೆ ಗರ್ಭಿಣಿಯು ಮೊಟ್ಟೆ, ಮೀನು, ಬೇಳೆಗಳನ್ನು ಬಿಡಬಾರದು.

5. ಎಷ್ಟು ಬೇಕು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 0.83 ಗ್ರಾಂ ಸಸಾರಜನಕ ಬೇಕು. 65 ಕಿ.ಗ್ರಾಂ ತೂಕದ ಪುರುಷರಿಗೆ ಸುಮಾರು 54 ಗ್ರಾಂ, 55 ಕಿ.ಗ್ರಾಂ ತೂಕದ ಮಹಿಳೆಯರಿಗೆ ಸುಮಾರು 46 ಗ್ರಾಂ ಆಗುತ್ತದೆ. ಗರ್ಭಿಣಿಯರಿಗೆ ಇದರ ಮೇಲೆ ಎರಡನೆಯ ತ್ರೈಮಾಸಿಕದಲ್ಲಿ 9.5 ಗ್ರಾಂ, ಮೂರನೆಯ ತ್ರೈಮಾಸಿಕದಲ್ಲಿ 22 ಗ್ರಾಂ ಹೆಚ್ಚುವರಿಯಾಗಿ ಬೇಕಾಗುತ್ತದೆ.

6. ಕಾನೂನಿನಲ್ಲಿ ಈ ಪದ

ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಎರಡನೆಯ ಅನುಸೂಚಿಯು ಪೌಷ್ಟಿಕ ಆಹಾರದ ಪ್ರಮಾಣವನ್ನು ಶಕ್ತಿ ಮತ್ತು ಸಸಾರಜನಕಗಳ ಲೆಕ್ಕದಲ್ಲಿ ನಿಗದಿಪಡಿಸಿತು. ಕಾಯ್ದೆ ಜಾರಿಗೆ ಬಂದಾಗ ಗರ್ಭಿಣಿ ಹಾಗೂ ಹಾಲುಣಿಸುವ ತಾಯಂದಿರಿಗೆ 18 ರಿಂದ 20 ಗ್ರಾಂ, ಕಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ 12 ಗ್ರಾಂ, ಹಿರಿಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ 20 ಗ್ರಾಂ ಎಂದು ನಮೂದಿಸಲಾಗಿತ್ತು. 2023ರ ಜನವರಿಯಲ್ಲಿ ಈ ಅನುಸೂಚಿಯನ್ನು ಪರಿಷ್ಕರಿಸಿ ಇತರ ಪೋಷಕಾಂಶಗಳನ್ನೂ ಸೇರಿಸಲಾಯಿತು. ಹೀಗೆ ಸಸಾರಜನಕವು ಕೇವಲ ಪಠ್ಯಪುಸ್ತಕದ ಪದವಾಗಿರದೆ, ಫಲಾನುಭವಿಗಳ ಹಕ್ಕನ್ನು ಅಳೆಯುವ ಮಾನದಂಡವೂ ಆಗಿದೆ. ಕರ್ನಾಟಕದಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ, 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಗಳು ಮಕ್ಕಳ ಹಾಗೂ ತಾಯಂದಿರ ಪೋಷಣೆಗೆ ಸಂಬಂಧಿಸಿವೆ.

7. ಸಾರ್ವಜನಿಕರ ಗಮನಕ್ಕೆ

• ಪ್ರೋಟೀನ್ ಮತ್ತು ಸಸಾರಜನಕ ಒಂದೇ ಪದಾರ್ಥದ ಎರಡು ಹೆಸರುಗಳು. ಯಾವ ಹೆಸರಿನಿಂದ ಕೇಳಿದರೂ ಮಾಹಿತಿ ಒಂದೇ ಆಗಿರುತ್ತದೆ.

• ಸಾರಜನಕ ಮತ್ತು ಸಸಾರಜನಕ ಬೇರೆ ಬೇರೆ. ಮೊದಲನೆಯದು ಮೂಲವಸ್ತು; ಎರಡನೆಯದು ಆಹಾರಾಂಶ. ಬರೆಯುವಾಗ ‘ಸ’ ಅಕ್ಷರವನ್ನು ಬಿಡಬಾರದು.

• ಪೊಟ್ಟಣದ ಆಹಾರದ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿರಬೇಕೆಂಬುದು ನಿಯಮ. ಕನ್ನಡವನ್ನು ಹೆಚ್ಚುವರಿಯಾಗಿ ಬಳಸಬಹುದು. ಕನ್ನಡದಲ್ಲಿ ವಿವರವಿಲ್ಲದಿದ್ದಲ್ಲಿ ‘ಪ್ರೋಟೀನ್’ ಎಂಬ ಸಾಲಿನ ಎದುರಿನ ಅಂಕಿಯನ್ನು ನೋಡಬೇಕು. ಆ ಅಂಕಿ 100 ಗ್ರಾಂಗೋ ಅಥವಾ ಒಂದು ಬಾರಿಯ ಸೇವನೆಯ ಪ್ರಮಾಣಕ್ಕೋ ಎಂಬುದನ್ನು ಗಮನಿಸಬೇಕು.

• ಪ್ರೋಟೀನ್ ಎಂಬ ಪದವು ಆಹಾರ ಸಸ್ಯಾಹಾರವೇ ಮಾಂಸಾಹಾರವೇ ಎಂಬುದನ್ನು ತಿಳಿಸುವುದಿಲ್ಲ. ಅದಕ್ಕಾಗಿ ಪೊಟ್ಟಣದ ಮೇಲಿನ ಹಸಿರು ಅಥವಾ ಕಂದು ಗುರುತನ್ನು ನೋಡಬೇಕು.

• ತಾಯಿ ಕಾರ್ಡಿನಲ್ಲಿ ಆಲ್ಬುಮಿನ್ ಎದುರು ಬರೆದಿರುವುದನ್ನು ಪ್ರತಿ ತಪಾಸಣೆಯಲ್ಲಿಯೂ ಆರೋಗ್ಯ ಸಿಬ್ಬಂದಿಯಿಂದ ಕೇಳಿ ತಿಳಿದುಕೊಳ್ಳಬೇಕು. ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈಗಳಲ್ಲಿ ಊತ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪೌಷ್ಟಿಕ ಆಹಾರದ ಪ್ರಸ್ತುತ ಪ್ರಮಾಣ ಹಾಗೂ ಅರ್ಹತೆಯ ವಿವರಗಳನ್ನು ಸಮೀಪದ ಅಂಗನವಾಡಿ ಕೇಂದ್ರದಲ್ಲಿಯೂ, ಆರೋಗ್ಯ ತಪಾಸಣೆಯ ವಿವರಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಪಡೆಯಬಹುದಾಗಿದೆ. ಸಾರ್ವಜನಿಕರು ಇದರ ಸದುಪಯೋಗವನ್ನು ಪಡೆದುಕೊಳ್ಳಬೇಕೆಂದು ಕೋರಲಾಗಿದೆ.